ಮಧ್ಯಾಹ್ನದವರೆಗೂ ತಡೆಯುವ ಊಟ

ಕೈಯಲ್ಲಿ ದುಡ್ಡು ಕಡಿಮೆ ಇದ್ದಾಗ ದಿನಸಿ ತರಲು ಹೋದರೆ ಕಣ್ಣು ಮೊದಲು ಬೆಲೆಯ ಮೇಲೆ ಬೀಳುತ್ತದೆ. ಯಾವುದು ಅಗ್ಗವೋ ಅದು ಚೀಲಕ್ಕೆ. ನಾನು ಕೇಳಿಕೊಳ್ಳುವ ಪ್ರಶ್ನೆ ಬೇರೆ. ಇದನ್ನು ತಿಂದರೆ ಎಷ್ಟು ಹೊತ್ತು ತಡೆಯುತ್ತದೆ?

ಹೀಗೆ ಕೇಳುವುದನ್ನು ಕಲಿಸಿದ್ದು ನನ್ನ ಕೆಲಸ. ನಾನು ಗೋದಾಮಿನಲ್ಲಿ ಪ್ಯಾಕಿಂಗ್ ಮಾಡುತ್ತೇನೆ. ಇಡೀ ಪಾಳಿ ನಿಂತೇ ಇರಬೇಕು. ಬೆಳಿಗ್ಗೆ ತಿಂದು ಹೊರಟರೆ ಊಟದ ಬಿಡುವಿನವರೆಗೆ ಬಾಯಿಗೆ ಏನೂ ಬೀಳುವುದಿಲ್ಲ. ಬೆಳಗಿನ ತಿಂಡಿ ಗಟ್ಟಿಯಾಗಿಲ್ಲದಿದ್ದರೆ ಅರ್ಧ ಪಾಳಿ ಮುಗಿಯುವ ಮೊದಲೇ ಕೈ ನಡುಗಲು ಶುರುವಾಗುತ್ತದೆ, ಲೇಬಲ್ ಮೇಲಿನ ಅಕ್ಷರ ಮಸುಕಾಗುತ್ತದೆ. ಮನೆಯಲ್ಲಿ ಅಮ್ಮ ಇದ್ದಾರೆ. ಓದುತ್ತಿರುವ ತಮ್ಮ ಇದ್ದಾನೆ, ಅವನದು ಬೆಳೆಯುವ ವಯಸ್ಸಿನ ಹಸಿವು. ಮೂವರಿಗೂ ನನ್ನ ಸಂಬಳವೇ ಆಗಬೇಕು.

ಬಾಡಿಗೆ ಕಡಿಮೆ ಮಾಡಲು ಆಗುವುದಿಲ್ಲ. ಫೀಸು ಕಡಿಮೆ ಮಾಡಲು ಆಗುವುದಿಲ್ಲ. ಬಸ್ಸಿನ ಖರ್ಚು, ಕರೆಂಟ್ ಬಿಲ್ಲು, ಅಮ್ಮನ ಮಾತ್ರೆ, ಎಲ್ಲವೂ ಇಷ್ಟು ಅಂತ ನಿಗದಿ. ಹಿಂಡಿದರೆ ಸ್ವಲ್ಪ ಬಿಡುವುದು ಊಟದ ಖರ್ಚು ಒಂದೇ. ಅದಕ್ಕೇ ಕಷ್ಟ ಬಂದ ಪ್ರತಿ ಮನೆಯಲ್ಲೂ ಮೊದಲ ಪೆಟ್ಟು ತಟ್ಟೆಗೇ ಬೀಳುತ್ತದೆ. ಇದು ನಮ್ಮೊಬ್ಬರ ಮನೆಯ ಕಥೆ ಅಲ್ಲ. ಆರೋಗ್ಯಕರ ಊಟಕ್ಕೆ ಬೇಕಾದಷ್ಟು ದುಡ್ಡಿಲ್ಲದವರು 2020ರಲ್ಲಿ ಪ್ರಪಂಚದಲ್ಲಿ ಸುಮಾರು 310 ಕೋಟಿ ಜನ ಇದ್ದರು ಎಂದು ವಿಶ್ವಸಂಸ್ಥೆಯ ಆಹಾರ ವರದಿ ಲೆಕ್ಕ ಹಾಕಿತ್ತು. ಅಷ್ಟು ಜನಕ್ಕೆ ಅಡುಗೆ ಬರುವುದಿಲ್ಲ, ಬುದ್ಧಿ ಇಲ್ಲ ಅಂತ ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ.

ಅಗ್ಗದ ಆಹಾರದ್ದು ಒಂದು ತೊಂದರೆ ಇದೆ. ಒಂದು ಕ್ಯಾಲೊರಿಗೆ ಎಷ್ಟು ದುಡ್ಡು ಅಂತ ಲೆಕ್ಕ ಹಾಕಿದರೆ ಸಕ್ಕರೆ, ಎಣ್ಣೆ, ಮೈದಾ ಎಲ್ಲಕ್ಕಿಂತ ಅಗ್ಗ. ತರಕಾರಿ, ಹಣ್ಣು, ಮೀನು ದುಬಾರಿ. ಆಡಮ್ ಡ್ರೆವ್ನೋವ್ಸ್ಕಿ ಎಂಬ ಸಂಶೋಧಕರು ವರ್ಷಗಟ್ಟಲೆ ಇದನ್ನೇ ಅಳೆದು ತೋರಿಸಿದ್ದಾರೆ. ಅಂದರೆ ದುಡ್ಡು ಕಡಿಮೆ ಇರುವವರು ಬಿಸ್ಕತ್ತಿನ ಪ್ಯಾಕೆಟ್ ಕೊಂಡರೆ ಅವರ ಲೆಕ್ಕ ತಪ್ಪಿಲ್ಲ. ಅವರು ಇದ್ದ ದುಡ್ಡಿಗೆ ಅತಿ ಹೆಚ್ಚು ಕ್ಯಾಲೊರಿ ಕೊಂಡಿದ್ದಾರೆ. ಆದರೆ ಆ ಪ್ಯಾಕೆಟ್ ತಡೆಯುವುದಿಲ್ಲ. ಸ್ವಲ್ಪ ಹೊತ್ತಿಗೆ ಮತ್ತೆ ಹಸಿವು, ಮತ್ತೆ ಇನ್ನೊಂದು ಪ್ಯಾಕೆಟ್. ದಿನದ ಕೊನೆಗೆ ಕೂಡಿದರೆ ಖರ್ಚು ಅಷ್ಟೇನೂ ಕಡಿಮೆ ಆಗಿರುವುದಿಲ್ಲ.

ಯಾವುದು ತಡೆಯುತ್ತದೆ ಎನ್ನುವುದನ್ನೂ ಅಳೆದವರಿದ್ದಾರೆ. 1995ರಲ್ಲಿ ಸಿಡ್ನಿ ವಿಶ್ವವಿದ್ಯಾಲಯದಲ್ಲಿ ಸೂಸನ್ ಹೋಲ್ಟ್ ಮತ್ತು ಜೊತೆಗಾರರು 38 ಬಗೆಯ ಆಹಾರ ತೆಗೆದುಕೊಂಡು ಒಂದು ಪ್ರಯೋಗ ಮಾಡಿದರು. ಪ್ರತಿಯೊಂದನ್ನೂ ಸುಮಾರು 240 ಕ್ಯಾಲೊರಿ ಆಗುವಷ್ಟು ಕೊಟ್ಟು, 2 ಗಂಟೆ ಕಾಲ ಹಸಿವು ಹೇಗಿದೆ ಎಂದು ಕೇಳುತ್ತಾ ಹೋದರು. ಬಿಳಿ ಬ್ರೆಡ್ಡಿಗೆ 100 ಅಂಕ ಅಂತ ಇಟ್ಟುಕೊಂಡರು, ಹೊಟ್ಟೆ ಹೆಚ್ಚು ತುಂಬಿಸಿದ್ದಕ್ಕೆ ಹೆಚ್ಚು ಅಂಕ. ಎಲ್ಲಕ್ಕಿಂತ ಮೇಲೆ ಬಂದದ್ದು ಬೇಯಿಸಿದ ಆಲೂಗಡ್ಡೆ, 323. ಓಟ್ಸ್ ಗಂಜಿಗೆ 209, ಕಿತ್ತಳೆಗೆ 202, ಸೇಬಿಗೆ 197. ಎಲ್ಲಕ್ಕಿಂತ ಕೆಳಗೆ ಬೆಣ್ಣೆ ಹಾಕಿ ಪದರ ಪದರವಾಗಿ ಮಾಡುವ ಕ್ರೋಸಾಂಟ್, 47.

ಅದೇ ಆಲೂಗಡ್ಡೆ ಎಣ್ಣೆಯಲ್ಲಿ ಕರಿದರೆ 116ಕ್ಕೆ ಇಳಿಯಿತು. ಇದನ್ನು ಓದಿದಾಗ ನನಗೆ ತುಂಬಾ ಖುಷಿಯಾಯಿತು. ಆಲೂಗಡ್ಡೆಯನ್ನು ಸುಮ್ನೆ ಬೈಯುವವರೇ ಜಾಸ್ತಿ. ದಪ್ಪ ಆಗ್ತೀರಿ, ಬಿಡಿ ಅಂತಾರೆ. ಸಿಪ್ಪೆ ಸಮೇತ ಬೇಯಿಸಿದ ಆಲೂಗಡ್ಡೆಯಲ್ಲಿ ನೀರಿದೆ, ನಾರಿದೆ, ಪೊಟ್ಯಾಸಿಯಂ ಇದೆ, ಸ್ವಲ್ಪ ವಿಟಮಿನ್ ಸಿ ಕೂಡ ಇದೆ. ಹೆಚ್ಚಿನ ಕಡೆ ಅಗ್ಗವಾಗಿಯೂ ಸಿಗುತ್ತದೆ. ಬಡವರ ಅಡುಗೆಮನೆಯಲ್ಲಿ ಅದಕ್ಕೆ ಮರ್ಯಾದೆಯ ಜಾಗ ಇರಬೇಕು.

ಇನ್ನೊಂದು ಪ್ರಯೋಗ 2019ರದ್ದು. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯಲ್ಲಿ ಕೆವಿನ್ ಹಾಲ್ ಮತ್ತು ತಂಡ 20 ಜನರನ್ನು ಆಸ್ಪತ್ರೆಯಲ್ಲೇ ಇರಿಸಿಕೊಂಡು ಎರಡು ವಾರ ಕಾರ್ಖಾನೆಯ ಸಿದ್ಧ ಆಹಾರ, ಎರಡು ವಾರ ಅಡುಗೆ ಮಾಡಿದ ಸಾದಾ ಆಹಾರ ಕೊಟ್ಟರು. ಮುಂದಿಟ್ಟ ಊಟದಲ್ಲಿ ಸಕ್ಕರೆ, ಕೊಬ್ಬು, ನಾರು ಎಲ್ಲ ಒಂದೇ ಮಟ್ಟದಲ್ಲಿತ್ತು. ಬೇಕಾದಷ್ಟು ತಿನ್ನಿ ಎಂದಿದ್ದರು. ಸಿದ್ಧ ಆಹಾರದ ದಿನಗಳಲ್ಲಿ ಜನ ದಿನಕ್ಕೆ ಸುಮಾರು 500 ಕ್ಯಾಲೊರಿ ಜಾಸ್ತಿ ತಿಂದರು. ಆ ಪ್ರಯೋಗದಲ್ಲಿ ಸಾದಾ ಆಹಾರದ ಸಾಮಾನಿಗೇ ಖರ್ಚು ಜಾಸ್ತಿ ಆಗಿತ್ತು ಎನ್ನುವುದನ್ನೂ ಹೇಳಲೇಬೇಕು. ಮನೆ ಅಡುಗೆ ಯಾವಾಗಲೂ ಅಗ್ಗ ಅಂತ ಕಣ್ಣುಮುಚ್ಚಿ ಹೇಳುವುದು ಸರಿಯಲ್ಲ. ಏನು ಅಡುಗೆ ಮಾಡುತ್ತೇವೆ ಎನ್ನುವುದರ ಮೇಲೆ ಹೋಗುತ್ತದೆ. ಹಾಗಾಗಿ ನನ್ನ ಉತ್ತರ ಶುರುವಾಗುವುದು ಕಾಳಿನಿಂದ.

ಸಂಬಳ ಬಂದಾಗ ನಾನು ಮೊದಲು ಕೊಳ್ಳುವುದು ಕಾಳು ಮತ್ತು ಬೇಳೆ. ಅಕ್ಕಿ, ಹಿಟ್ಟಿಗಿಂತಲೂ ಮೊದಲು. ಅಕ್ಕಿ ಹೇಗೂ ಬಂದೇ ಬರುತ್ತದೆ, ಅದನ್ನು ಯಾರೂ ಮರೆಯುವುದಿಲ್ಲ. ಕೊನೆಗೆ ಉಳಿದ ದುಡ್ಡಿನಲ್ಲಿ ಕಾಳು ನೋಡೋಣ ಎಂದುಕೊಂಡರೆ ಉಳಿದಿರುವುದೇ ಇಲ್ಲ. ಕಡಲೆಕಾಳು, ಹೆಸರುಕಾಳು, ಅಲಸಂದೆ, ಮಸೂರ್ ಬೇಳೆ, ರಾಜ್ಮಾ, ಬಟಾಣಿ, ಯಾವುದು ಆ ವಾರ ಕಡಿಮೆ ಬೆಲೆಗೆ ಸಿಗುತ್ತದೋ ಅದು. ಒಣಕಾಳು 100 ಗ್ರಾಂ ತೆಗೆದುಕೊಂಡರೆ ಹೆಚ್ಚುಕಡಿಮೆ 20ರಿಂದ 25 ಗ್ರಾಂ ಪ್ರೋಟೀನ್ ಇರುತ್ತದೆ. ನಾರು 10 ಗ್ರಾಂಗಿಂತ ಜಾಸ್ತಿ. ಕಬ್ಬಿಣದಂಶ, ಫೋಲೇಟ್ ಎಂಬ ವಿಟಮಿನ್ ಕೂಡ. ಬೆಂದ ಮೇಲೆ ತೂಕ ಎರಡು, ಎರಡೂವರೆ ಪಟ್ಟು ಆಗುತ್ತದೆ. ಹಾಗಾಗಿ ಅಂಗಡಿಯಲ್ಲಿ ಒಣಕಾಳಿನ ಬೆಲೆಯನ್ನು ಇನ್ನೊಂದು ಆಹಾರದ ಜೊತೆ ಹೋಲಿಸುವಾಗ ಬೆಂದ ತೂಕವನ್ನೇ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಡಬ್ಬಿಯಲ್ಲಿ ಬರುವ ಬೇಯಿಸಿದ ಕಾಳು ಕೆಟ್ಟದ್ದೇನಲ್ಲ, ಸಮಯ ಉಳಿಯುತ್ತದೆ. ಆದರೆ ಆ ಡಬ್ಬಿಯ ತೂಕದಲ್ಲಿ ನೀರಿಗೂ ದುಡ್ಡು ಕೊಟ್ಟಿರುತ್ತೇವೆ.

ಸಿಡ್ನಿಯ ಪಟ್ಟಿಯಲ್ಲಿ ಬೇಳೆಗೆ ಸಿಕ್ಕಿದ್ದು 133 ಅಂಕ ಮಾತ್ರ. ಆದರೆ ಅದು 2 ಗಂಟೆಯ ಲೆಕ್ಕ. ನನಗೆ ಬೇಕಾದದ್ದು ಅದಕ್ಕಿಂತ ಉದ್ದದ ಹೊತ್ತು. ಕಾಳಿನ ಪಿಷ್ಟ ನಿಧಾನ ಜೀರ್ಣವಾಗುತ್ತದೆ, ರಕ್ತದಲ್ಲಿ ಸಕ್ಕರೆ ಒಮ್ಮೆಲೇ ಏರಿ ಇಳಿಯುವುದಿಲ್ಲ. ಬೆಳಿಗ್ಗೆ ಬೇಯಿಸಿದ ಕಡಲೆ ಮತ್ತು ಆಲೂಗಡ್ಡೆ ಒಟ್ಟಿಗೆ ತಿಂದು ಹೋದ ದಿನ ನನಗೆ ಊಟದ ಬಿಡುವಿನವರೆಗೆ ಹಸಿವಿನ ನೆನಪೇ ಬರುವುದಿಲ್ಲ. ಬರೀ ಬ್ರೆಡ್ಡು, ಸಿಹಿ ಚಹಾ ಆದ ದಿನ ಹಾಗಲ್ಲ.

ಬೇಯಿಸುವ ವಿಷಯ ಸ್ವಲ್ಪ ವಿವರವಾಗಿ ಹೇಳುತ್ತೇನೆ. ಕಾಳು ಬಿಟ್ಟವರು ಹೆಚ್ಚಾಗಿ ಇಲ್ಲೇ ಬಿಟ್ಟಿರುತ್ತಾರೆ.

ರಾತ್ರಿ ಮಲಗುವ ಮುಂಚೆ ನೆನೆಹಾಕುತ್ತೇನೆ. ನೀರು ಧಾರಾಳ ಇರಬೇಕು, ಕಾಳು ಉಬ್ಬುತ್ತದೆ. ನೆನೆಸುವ ನೀರಿಗೆ ಒಂದು ಚಮಚ ಉಪ್ಪು ಹಾಕಿದರೆ ಸಿಪ್ಪೆ ಮೆತ್ತಗಾಗಿ ಬೇಗ ಬೇಯುತ್ತದೆ. ಉಪ್ಪು ಹಾಕಿದರೆ ಬೇಯುವುದೇ ಇಲ್ಲ ಎನ್ನುವುದು ನಿಜವಲ್ಲ. ಹುಳಿ ಹಾಗಲ್ಲ. ಟೊಮೇಟೊ, ನಿಂಬೆ ಮೊದಲೇ ಹಾಕಿದರೆ ಕಾಳು ಗಟ್ಟಿಯಾಗಿಯೇ ಉಳಿಯುತ್ತದೆ. ಹುಳಿ ಯಾವಾಗಲೂ ಬೆಂದ ಮೇಲೆ. ಬೆಳಿಗ್ಗೆ ನೆನೆದ ನೀರು ಚೆಲ್ಲಿ, ತೊಳೆದು, ಹೊಸ ನೀರಿನಲ್ಲಿ ಬೇಯಿಸುತ್ತೇನೆ. ಹೊಟ್ಟೆ ಉಬ್ಬರಕ್ಕೆ ಕಾರಣವಾದ ಕೆಲವು ಸಕ್ಕರೆಗಳು ಆ ನೀರಿನ ಜೊತೆ ಹೋಗುತ್ತವೆ. ಕಾಳು ಅಭ್ಯಾಸ ಇಲ್ಲದವರು ಮೊದಲ ದಿನವೇ ತಟ್ಟೆ ತುಂಬ ತಿನ್ನಬೇಡಿ. ಒಂದೆರಡು ಚಮಚದಿಂದ ಶುರು ಮಾಡಿ, ವಾರ ಕಳೆದಂತೆ ಹೆಚ್ಚಿಸಿ. ಕರುಳು ಒಗ್ಗಿಕೊಳ್ಳುತ್ತದೆ. ನಮ್ಮ ಅಮ್ಮನಿಗೂ ಹಾಗೇ ಒಗ್ಗಿತು. ಶುರುವಿನಲ್ಲಿ ಅವರಿಗೆ ಸಿಪ್ಪೆ ತೆಗೆದ ಬೇಳೆಯನ್ನೇ ಕೊಡುತ್ತಿದ್ದೆ, ಅದು ಹಗುರ.

ರಾಜ್ಮಾ ವಿಷಯದಲ್ಲಿ ಮಾತ್ರ ಎಚ್ಚರ ಬೇಕೇ ಬೇಕು. ಹಸಿ ರಾಜ್ಮಾದಲ್ಲಿ ಲೆಕ್ಟಿನ್ ಎಂಬ ವಿಷಾಂಶ ಇದೆ. ಅರೆಬೆಂದ ಕೆಲವೇ ಕಾಳು ತಿಂದರೂ ವಾಂತಿ, ಭೇದಿ ಆಗಬಹುದು. ಕನಿಷ್ಠ 5 ಗಂಟೆ ನೆನೆಸಿ, ನೀರು ಚೆಲ್ಲಿ, ಹೊಸ ನೀರಿನಲ್ಲಿ ಕೊತಕೊತ ಕುದಿಸಬೇಕು. 10 ನಿಮಿಷದ ಜೋರು ಕುದಿ ಆ ವಿಷವನ್ನು ಕೆಡಿಸುತ್ತದೆ, 30 ನಿಮಿಷ ಕುದಿಸಿದರೆ ಇನ್ನೂ ನಿಶ್ಚಿಂತೆ. ಸಣ್ಣ ಉರಿಯಲ್ಲಿ ಗಂಟೆಗಟ್ಟಲೆ ಇಡುವ ಸ್ಲೋ ಕುಕ್ಕರ್‌ಗೆ ಹಸಿ ರಾಜ್ಮಾ ನೇರವಾಗಿ ಹಾಕಬೇಡಿ. ಅಲ್ಲಿ ನೀರು ಕುದಿಯುವಷ್ಟು ಬಿಸಿಯೇ ಆಗದೆ ಹೋಗಬಹುದು.

ಎಷ್ಟು ಬೇಯಿಸಿದರೂ ಮೆತ್ತಗಾಗದ ಕಾಳು ಹಳೆಯದು. ಬಿಸಿ, ತೇವ ಇರುವ ಕಡೆ ತುಂಬಾ ದಿನ ಇದ್ದ ಕಾಳು ಹಾಗಾಗುತ್ತದೆ. ಅಡುಗೆ ಸೋಡಾ ಚಿಟಿಕೆ ಹಾಕಿದರೆ ಮೆತ್ತಗಾಗುತ್ತದೆ, ಆದರೆ ವಿಟಮಿನ್ ಬಿ1 ಹಾಳಾಗುತ್ತದೆ. ಅದಕ್ಕೆ ನಾನು ಬೇರೆ ದಾರಿ ಇಲ್ಲದಾಗ ಮಾತ್ರ ಹಾಕುತ್ತೇನೆ. ಕಾಳು ಕೊಳ್ಳುವಾಗ ಬೇಗ ಖಾಲಿಯಾಗುವ ಅಂಗಡಿಯಿಂದ ಕೊಳ್ಳುವುದು ಒಳ್ಳೆಯದು.

ಉರುವಲಿನ ಖರ್ಚೂ ಊಟದ ಖರ್ಚೇ ಅಲ್ವಾ? ನೆನೆಸಿದರೆ ಬೇಯುವ ಹೊತ್ತು ಅರ್ಧಕ್ಕರ್ಧ ಉಳಿಯುತ್ತದೆ. ಪ್ರೆಶರ್ ಕುಕ್ಕರ್ ಇದ್ದರೆ ಇನ್ನೂ ಉಳಿಯುತ್ತದೆ. ಕುಕ್ಕರ್ ಇಲ್ಲದವರಿಗೆ ಹಳೆಯ ಉಪಾಯ ಒಂದಿದೆ. ಪಾತ್ರೆಯಲ್ಲಿ ಕಾಳನ್ನು ಚೆನ್ನಾಗಿ ಕುದಿಸಿ, ಉರಿ ಆರಿಸಿ, ಮುಚ್ಚಳ ಹಾಕಿದ ಪಾತ್ರೆಯನ್ನು ದಪ್ಪ ಕಂಬಳಿಯಲ್ಲಿ ಸುತ್ತಿ ಪೆಟ್ಟಿಗೆಯಲ್ಲಿ ಇಟ್ಟರೆ ಒಳಗಿನ ಬಿಸಿಯಲ್ಲೇ ಬೇಯುತ್ತದೆ. ರಾಜ್ಮಾ ಆದರೆ ಮೊದಲು ಆ ಜೋರು ಕುದಿ ಪೂರ್ತಿ ಆಗಿರಬೇಕು. ತೆಗೆದ ಮೇಲೆ ಎಲ್ಲವನ್ನೂ ಮತ್ತೊಮ್ಮೆ ಕುದಿಸಿಯೇ ಬಡಿಸಿ. ನಾನು ಒಮ್ಮೆ ಒಲೆ ಹಚ್ಚಿದರೆ ಎರಡು ದಿನಕ್ಕಾಗುವಷ್ಟು ಕಾಳು ಬೇಯಿಸಿ ಫ್ರಿಜ್ಜಿನಲ್ಲಿ ಇಡುತ್ತೇನೆ. ಬೆಂದ ಕಾಳು ತಯಾರಿದ್ದರೆ ಕೆಲಸದಿಂದ ಸುಸ್ತಾಗಿ ಬಂದ ಸಂಜೆ ಹೊರಗಿನ ತಿಂಡಿಯ ಕಡೆ ಮನಸ್ಸು ಹೋಗುವುದಿಲ್ಲ. ಈರುಳ್ಳಿ ಹುರಿದು, ಕಾಳು ಹಾಕಿ, ಮೇಲೆ ಸೊಪ್ಪು ಹೆಚ್ಚಿ ಹಾಕಿದರೆ ಊಟ.

ಧಾನ್ಯ ಮತ್ತು ಕಾಳು ಒಂದಕ್ಕೊಂದು ಹೊಂದುತ್ತವೆ. ಅಕ್ಕಿ, ಗೋಧಿ, ಜೋಳದಲ್ಲಿ ಲೈಸಿನ್ ಎಂಬ ಅಮೈನೊ ಆಮ್ಲ, ಅಂದರೆ ಪ್ರೋಟೀನ್ ಕಟ್ಟುವ ಒಂದು ಅಂಶ, ಕಡಿಮೆ. ಕಾಳಿನಲ್ಲಿ ಅದು ಸಾಕಷ್ಟಿದೆ. ಕಾಳಿನಲ್ಲಿ ಕಡಿಮೆ ಇರುವ ಮಿಥಿಯೋನಿನ್ ಎಂಬ ಇನ್ನೊಂದು ಅಮೈನೊ ಆಮ್ಲ ಧಾನ್ಯದಲ್ಲಿ ಸಿಗುತ್ತದೆ. ಎರಡನ್ನೂ ಒಂದೇ ತುತ್ತಿನಲ್ಲಿ ತಿನ್ನಬೇಕಿಲ್ಲ, ಒಂದೇ ದಿನದಲ್ಲಿ ಸಿಕ್ಕರೆ ಸಾಕು. ಆರೋಗ್ಯವಂತ ದೊಡ್ಡವರಿಗೆ ಪ್ರತಿ ಕಿಲೋ ತೂಕಕ್ಕೆ ದಿನಕ್ಕೆ 0.83 ಗ್ರಾಂ ಪ್ರೋಟೀನ್ ಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. 60 ಕಿಲೋ ತೂಗುವವರಿಗೆ ಸುಮಾರು 50 ಗ್ರಾಂ ಆಯಿತು. ಇದಕ್ಕೆ ದುಬಾರಿ ಪುಡಿ ಡಬ್ಬಿ ಬೇಕಿಲ್ಲ. ನಾನು ಮಾಡಿಕೊಂಡ ಲೆಕ್ಕ ನೋಡಿ. ದಿನಕ್ಕೆ 300 ಗ್ರಾಂ ಅಕ್ಕಿಯಲ್ಲಿ 21 ಗ್ರಾಂ. 80 ಗ್ರಾಂ ಒಣಕಾಳಿನಲ್ಲಿ 18 ಗ್ರಾಂ. ಒಂದು ಮೊಟ್ಟೆಯಲ್ಲಿ 6. ಒಂದು ಹಿಡಿ, ಅಂದರೆ 20 ಗ್ರಾಂ ಕಡಲೆಕಾಯಿ ಬೀಜದಲ್ಲಿ 5. ಕೂಡಿದರೆ 50. ಅಕ್ಕಿಯ ಬದಲು ಗೋಧಿ ಆದರೆ ಇನ್ನೂ ಜಾಸ್ತಿ. ಬೆಳೆಯುವ ಮಕ್ಕಳು, ಬಸುರಿಯರು, ಹಾಲೂಡಿಸುವ ತಾಯಂದಿರ ಲೆಕ್ಕ ಬೇರೆ. ಅವರಿಗೆ ತೂಕಕ್ಕೆ ಹೋಲಿಸಿದರೆ ಇನ್ನೂ ಹೆಚ್ಚು ಬೇಕು.

ನಮ್ಮ ಮನೆಯಲ್ಲಿ ಬದಲಾಗಿದ್ದು ತಟ್ಟೆಯ ಅಳತೆ. ಮೊದಲು ಅನ್ನದ ಗುಡ್ಡ, ಅದರ ಮೇಲೆ ತೆಳ್ಳಗಿನ ಬೇಳೆ ನೀರು. ಈಗ ಬೇಳೆ ಗಟ್ಟಿ, ಅನ್ನ ಸ್ವಲ್ಪ ಕಡಿಮೆ. ತಮ್ಮ ಮೊದಲಿಗೆ ಮುಖ ಸಿಂಡರಿಸಿದ. ಅನ್ನ ಬೇಕಾದರೆ ಮತ್ತೆ ಹಾಕಿಸಿಕೊಳ್ಳೋ, ಆದರೆ ಕಾಳು ಖಾಲಿ ಆದ ಮೇಲೆ ಅಂದೆ. ಹಾಕಿಸಿಕೊಳ್ಳುವುದು ತಾನಾಗಿಯೇ ಕಡಿಮೆ ಆಯಿತು. ರಾತ್ರಿ ಓದುವಾಗ ಡಬ್ಬಿಗಳನ್ನು ತಡಕಾಡುವುದೂ ನಿಂತಿತು. ಅಕ್ಕಾ, ಏನಾದ್ರೂ ಇದೆಯಾ ಅಂತ ಕೇಳುವ ಹುಡುಗ ಈಗ ಕೇಳುವುದಿಲ್ಲ.

ತರಕಾರಿಗೆ ಬರೋಣ. ಹಣ್ಣು, ತರಕಾರಿ ಸೇರಿ ಒಬ್ಬರಿಗೆ ದಿನಕ್ಕೆ ಕನಿಷ್ಠ 400 ಗ್ರಾಂ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಆಲೂಗಡ್ಡೆಯಂಥ ಪಿಷ್ಟದ ಗೆಡ್ಡೆಗಳು ಆ ಲೆಕ್ಕಕ್ಕೆ ಬರುವುದಿಲ್ಲ. ಮೂವರಿಗೆ 1.2 ಕಿಲೋ ಆಯಿತು, ಪ್ರತಿದಿನ. ನನ್ನ ಬಜೆಟ್ಟಿನಲ್ಲಿ ಇದೇ ಎಲ್ಲಕ್ಕಿಂತ ಕಷ್ಟದ ಸಾಲು. ಎಲ್ಲ ವಾರವೂ ಅಲ್ಲಿಗೆ ಮುಟ್ಟಲು ಆಗುವುದಿಲ್ಲ. ಹತ್ತಿರ ಹೋಗುವ ಪ್ರಯತ್ನ ಮಾತ್ರ ಬಿಡುವುದಿಲ್ಲ.

ಎಲೆಕೋಸು, ಕ್ಯಾರೆಟ್, ಕುಂಬಳಕಾಯಿ, ಈರುಳ್ಳಿ, ಬೀಟ್‌ರೂಟ್, ಇವು ನನ್ನ ಬೆನ್ನೆಲುಬು. ಇವು ಬೇಗ ಕೆಡುವುದಿಲ್ಲ. ಎಲೆಕೋಸಿಗೆ ಹೆಸರು ಕಡಿಮೆ, ಗುಣ ಜಾಸ್ತಿ. 100 ಗ್ರಾಂ ಹಸಿ ಎಲೆಕೋಸಿನಲ್ಲಿ ಸುಮಾರು 36 ಮಿಲಿಗ್ರಾಂ ವಿಟಮಿನ್ ಸಿ ಇದೆ. ಸೊಪ್ಪು ಅಗ್ಗಕ್ಕೆ ಸಿಕ್ಕರೆ ತರುತ್ತೇನೆ, ಆದರೆ ಮೊದಲ ಎರಡು ದಿನದಲ್ಲೇ ಮುಗಿಸುತ್ತೇನೆ. ಆಮೇಲೆ ಕೋಸು, ಕ್ಯಾರೆಟ್. ಕೊನೆಗೆ ಕುಂಬಳಕಾಯಿ. ಯಾವುದು ಮೊದಲು ಕೆಡುತ್ತದೋ ಅದು ಮೊದಲು ಬಾಣಲೆಗೆ. ಹೂಕೋಸಿನ ದಂಟು, ಬೀಟ್‌ರೂಟಿನ ಎಲೆ, ಮೂಲಂಗಿ ಸೊಪ್ಪು ಯಾವುದನ್ನೂ ಎಸೆಯುವುದಿಲ್ಲ. ದುಡ್ಡು ಕೊಟ್ಟಾಗ ಅವೂ ತೂಕಕ್ಕೆ ಬಂದಿರುತ್ತವೆ. ಫ್ರೀಜರ್ ಇರುವವರು ಫ್ರೋಜನ್ ಬಟಾಣಿ, ಪಾಲಕ್ ಬೆಲೆಯನ್ನೂ ನೋಡಿ. ಕಿತ್ತ ಕೂಡಲೇ ಶೈತ್ಯಕ್ಕೆ ಹೋಗುವುದರಿಂದ ಪೋಷಕಾಂಶದಲ್ಲಿ ತಾಜಾ ತರಕಾರಿಗೆ ಹೆಚ್ಚುಕಡಿಮೆ ಸಮ. ಆಲೂಗಡ್ಡೆಯನ್ನು ಮಾತ್ರ ಕತ್ತಲಲ್ಲಿ ಇಡಿ. ಹಸಿರಾದ ಆಲೂಗಡ್ಡೆ ತಿನ್ನಬಾರದು, ಅದರಲ್ಲಿ ಸೋಲನಿನ್ ಎಂಬ ವಿಷ ಸೇರಿಕೊಂಡಿರುತ್ತದೆ.

ಕಾಳಿನಲ್ಲಿರುವ ಕಬ್ಬಿಣದಂಶ ಮೈಗೆ ಸುಲಭವಾಗಿ ಸೇರುವುದಿಲ್ಲ. ಜೊತೆಗೆ ವಿಟಮಿನ್ ಸಿ ಇದ್ದರೆ ಚೆನ್ನಾಗಿ ಸೇರುತ್ತದೆ. ಬಡಿಸುವಾಗ ಒಂದಿಷ್ಟು ನಿಂಬೆರಸ, ಹಸಿ ಕೋಸು, ಟೊಮೇಟೊ, ಏನಾದರೂ ಒಂದು. ಊಟದ ಜೊತೆ ಚಹಾ, ಕಾಫಿ ಕುಡಿದರೆ ಇದಕ್ಕೆ ಅಡ್ಡಿಯಾಗುತ್ತದೆ. ಅಮ್ಮನಿಗೆ ಊಟ ಆದ ತಕ್ಷಣ ಚಹಾ ಬೇಕು. ಅದನ್ನು ಒಂದು ಗಂಟೆ ಮುಂದೆ ಹಾಕಿಸಲು ನಾನು ಪಟ್ಟ ಪಾಡು ನನಗೇ ಗೊತ್ತು. ಆದರೆ ಇದಕ್ಕೆ ದುಡ್ಡು ಖರ್ಚಿಲ್ಲ. ಖರ್ಚಿಲ್ಲದೆ ಸಿಗುವ ಯಾವ ಲಾಭವನ್ನೂ ನಾನು ಬಿಡುವುದಿಲ್ಲ.

ಅಮ್ಮನ ಮಾತು ಬಂತು, ಒಂದು ವಿಷಯ ಹೇಳಲೇಬೇಕು. ಊಟ ಕಡಿಮೆ ಇರುವ ಮನೆಯಲ್ಲಿ ಅಡುಗೆ ಮಾಡಿದವರು ಸದ್ದಿಲ್ಲದೆ ಕಡಿಮೆ ತಿನ್ನುತ್ತಾರೆ. ನನಗೆ ಹಸಿವಿಲ್ಲ ಅಂತಾರೆ. ಆಗಲೇ ತಿಂದೆ ಅಂತಾರೆ. ಪ್ರಪಂಚದಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಸುಮಾರು ಶೇ 30ರಷ್ಟು ಜನರಿಗೆ ರಕ್ತಹೀನತೆ ಇದೆ ಎಂದು 2019ರ ಲೆಕ್ಕ ಹೇಳುತ್ತದೆ. ಕಾರಣಗಳು ಹಲವು, ಊಟ ಅದರಲ್ಲಿ ದೊಡ್ಡದು. ಅದಕ್ಕೇ ನಮ್ಮ ಮನೆಯಲ್ಲಿ ಮೂರು ತಟ್ಟೆಗೂ ಒಟ್ಟಿಗೆ ಬಡಿಸುತ್ತೇನೆ. ಕಾಳು ಮೂರು ಸಮಪಾಲು. ಅಮ್ಮ ತಮ್ಮನ ತಟ್ಟೆಗೆ ದಾಟಿಸಲು ನೋಡಿದರೆ ತಮ್ಮನೇ ತಟ್ಟೆ ಎಳೆದುಕೊಳ್ಳುತ್ತಾನೆ. ಬಜೆಟ್ಟು ಉಳಿಸುವ ಲೆಕ್ಕದಲ್ಲಿ ಒಬ್ಬರ ಹೊಟ್ಟೆ ಕತ್ತರಿಸಿದ್ದರೆ ಅದನ್ನು ಉಳಿತಾಯ ಎಂದು ಕರೆಯಲು ನನಗೆ ಮನಸ್ಸು ಬರುವುದಿಲ್ಲ.

ಮೊಟ್ಟೆ, ಹಾಲು, ಮೊಸರು, ಸಣ್ಣ ಮೀನು, ಇವು ಪ್ರತಿದಿನ ಕೈಗೆಟುಕುವುದಿಲ್ಲ. ಆದರೂ ಪೂರ್ತಿ ಬಿಡಬೇಡಿ, ನೀವು ತಿನ್ನುವವರಾದರೆ. ವಿಟಮಿನ್ ಬಿ12 ಗಿಡಮೂಲದ ಸಾಮಾನ್ಯ ಊಟದಲ್ಲಿ ಸಿಗುವುದಿಲ್ಲ. ಮುಳ್ಳು ಸಮೇತ ತಿನ್ನುವ ಸಣ್ಣ ಮೀನಿನಲ್ಲಿ ಕ್ಯಾಲ್ಸಿಯಂ ಕೂಡ ಇದೆ, ದೊಡ್ಡ ಮೀನಿಗಿಂತ ಸಾಮಾನ್ಯವಾಗಿ ಬೆಲೆಯೂ ಕಡಿಮೆ. ಇವು ಯಾವುದನ್ನೂ ಮುಟ್ಟದವರು ಬಿ12 ಬೆರೆಸಿದ ಆಹಾರ ಅಥವಾ ಮಾತ್ರೆ ಬಗ್ಗೆ ವೈದ್ಯರನ್ನು ಕೇಳಿ.

ಎಣ್ಣೆ ಬಿಡಿ, ಎಣ್ಣೆ ಕೆಟ್ಟದ್ದು ಅಂತ ಕಷ್ಟದಲ್ಲಿರುವವರಿಗೆ ಉಪದೇಶ ಮಾಡುವುದನ್ನು ಕೇಳಿದರೆ ನನಗೆ ಸಿಟ್ಟು ಬರುತ್ತದೆ. ಮೈಮುರಿದು ದುಡಿಯುವವರಿಗೆ ಕ್ಯಾಲೊರಿ ಬೇಕು. ಒಂದು ಗ್ರಾಂ ಎಣ್ಣೆಯಲ್ಲಿ 9 ಕ್ಯಾಲೊರಿ ಇದೆ. ಕ್ಯಾರೆಟ್ಟು, ಕುಂಬಳ, ಸೊಪ್ಪಿನಲ್ಲಿರುವ, ಮೈಯೊಳಗೆ ವಿಟಮಿನ್ ಎ ಆಗುವ ಅಂಶ ಸೇರಲು ಸ್ವಲ್ಪ ಕೊಬ್ಬು ಇರಲೇಬೇಕು. ಚಮಚದಲ್ಲಿ ಅಳೆದು ಹಾಕಿ, ಕರಿಯುವುದು ಕಡಿಮೆ ಮಾಡಿ. ಅಷ್ಟು ಸಾಕು.

ಒಟ್ಟಿಗೆ ಜಾಸ್ತಿ ಕೊಳ್ಳಿ, ಅಗ್ಗವಾಗುತ್ತದೆ ಎನ್ನುವ ಸಲಹೆ ಎಲ್ಲ ಕಡೆ ಸಿಗುತ್ತದೆ. ಅದು ಕೈಯಲ್ಲಿ ದುಡ್ಡಿರುವವರಿಗೆ ಹೇಳಿದ ಮಾತು. ಒಂದು ಮೂಟೆಗೆ ಕೊಡುವಷ್ಟು ದುಡ್ಡು ಒಮ್ಮೆಲೇ ಇದ್ದಿದ್ದರೆ ಇಷ್ಟು ಚಿಂತೆ ಯಾಕೆ? ಜಾಗ ಬೇಕು, ಗಾಳಿಯಾಡದ ಡಬ್ಬಿ ಬೇಕು, ಹುಳ ಬೀಳದಂತೆ ಕಾಯಬೇಕು. ನಾನು ಮಾಡುವುದು ಇಷ್ಟೇ. ಪ್ರತಿ ಸಂಬಳಕ್ಕೆ ಒಂದೇ ಒಂದು ಸಾಮಾನನ್ನು ದೊಡ್ಡ ಅಳತೆಯಲ್ಲಿ ಕೊಳ್ಳುತ್ತೇನೆ. ಒಂದು ತಿಂಗಳು ಕಡಲೆಕಾಳು, ಮುಂದಿನ ತಿಂಗಳು ಎಣ್ಣೆ. ದೊಡ್ಡ ಪ್ಯಾಕೆಟ್ ಯಾವಾಗಲೂ ಅಗ್ಗ ಎಂದೂ ನಂಬಬೇಡಿ. ಬೆಲೆಯನ್ನು ತೂಕದಿಂದ ಭಾಗಿಸಿ ನೋಡಿ. ಚಿಕ್ಕ ಪ್ಯಾಕೆಟ್ಟೇ ಅಗ್ಗ ಆಗಿರುವುದನ್ನು ನಾನು ಎಷ್ಟೋ ಸಲ ಕಂಡಿದ್ದೇನೆ.

ಎಸೆಯುವುದರ ಬಗ್ಗೆ ಒಂದು ಮಾತು. 2022ರಲ್ಲಿ ಪ್ರಪಂಚದಲ್ಲಿ ವ್ಯರ್ಥವಾದ ಆಹಾರ 105 ಕೋಟಿ ಟನ್, ಅದರಲ್ಲಿ ಶೇ 60ರಷ್ಟು ಮನೆಗಳಿಂದಲೇ ಎಂದು ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮದ ವರದಿ ಹೇಳುತ್ತದೆ. ಉಳಿದದ್ದನ್ನು ತಿನ್ನುವುದು ಒಳ್ಳೆಯದು, ಆದರೆ ಅನ್ನದ ವಿಷಯದಲ್ಲಿ ಜೋಪಾನ. ಅಕ್ಕಿಯಲ್ಲಿ ಇರುವ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಕಗಳು ಬೇಯಿಸಿದರೂ ಸಾಯುವುದಿಲ್ಲ. ಅನ್ನ ಹೊರಗೇ ಇದ್ದರೆ ಅವು ಬೆಳೆದು ವಿಷ ಬಿಡುತ್ತವೆ. ಆ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ. ಮಿಕ್ಕಿದ ಅನ್ನವನ್ನು ಎರಡು ಗಂಟೆಯೊಳಗೆ ಆರಿಸಿ ಫ್ರಿಜ್ಜಿಗೆ ಇಡಿ. ಫ್ರಿಜ್ ಇಲ್ಲದಿದ್ದರೆ ಆ ಹೊತ್ತಿಗೆ ಬೇಕಾದಷ್ಟೇ ಮಾಡಿ.

ತೀರಾ ಕಷ್ಟದ ವಾರಗಳಲ್ಲಿ ಏನು ಕೊಳ್ಳುತ್ತೀರಿ ಎಂದು ಜೊತೆ ಕೆಲಸ ಮಾಡುವ ಹುಡುಗಿಯೊಬ್ಬಳು ಕೇಳಿದ್ದಳು. ಅವಳಿಗೆ ಹೇಳಿದ್ದನ್ನೇ ಇಲ್ಲೂ ಬರೆಯುತ್ತೇನೆ. ಮೊದಲು ಕಾಳು ಅಥವಾ ಬೇಳೆ, ಮನೆಯಲ್ಲಿ ಇರುವವರಿಗೆ ದಿನಕ್ಕೆ ತಲಾ 80 ಗ್ರಾಂ ಲೆಕ್ಕದಲ್ಲಿ. ಆಮೇಲೆ ಧಾನ್ಯ. ಆಮೇಲೆ ಆಲೂಗಡ್ಡೆ, ಈರುಳ್ಳಿ, ಒಂದು ದೊಡ್ಡ ಎಲೆಕೋಸು. ಎಣ್ಣೆ. ದುಡ್ಡು ಉಳಿದರೆ ಮೊಟ್ಟೆ, ಇನ್ನೂ ಉಳಿದರೆ ಆ ಕಾಲದಲ್ಲಿ ಅಗ್ಗವಾಗಿ ಸಿಗುವ ಯಾವುದಾದರೂ ಹಣ್ಣು. ಉಪ್ಪು ಅಯೋಡಿನ್ ಬೆರೆಸಿದ್ದೇ ಇರಲಿ, ಅಲ್ಲಿ ಉಳಿಸಲು ಹೋಗಬೇಡ ಅಂದೆ. ಬಿಸ್ಕತ್ತು, ತಂಪು ಪಾನೀಯ, ಚಿಪ್ಸು ಆ ವಾರ ಬೇಡ. ಚಹಾ ಬಿಡು ಅಂತ ಹೇಳಲಿಲ್ಲ. ಅವಳು ಚಹಾ ಪ್ರಿಯೆ, ಕಷ್ಟದ ವಾರದಲ್ಲಿ ಅಷ್ಟಾದರೂ ಇರಲಿ. ಇಷ್ಟಕ್ಕೂ ದುಡ್ಡು ಸಾಲದಿದ್ದರೆ ನಿನ್ನ ಕಡೆ ಸರ್ಕಾರದ್ದೋ, ಶಾಲೆಯದ್ದೋ, ಯಾವುದಾದರೂ ಸಂಘದ್ದೋ ಆಹಾರದ ನೆರವು ಇದ್ದೇ ಇರಬಹುದು, ಹೋಗಿ ಹೆಸರು ಬರೆಸು ಅಂದೆ. ಒಬ್ಬಳೇ ಹೋಗಲು ನಾಚಿಕೆ ಅಂದಳು. ಮುಂದಿನ ರಜೆಯ ದಿನ ಇಬ್ಬರೂ ಹೋಗುತ್ತಿದ್ದೇವೆ.